ಮಾವನಿಗೊಂದು ಇಂಗ್ಲಿಷ್ ಹೆಸರು

ನಿಪ್ಪಾಣಿ
12 ಜನವರಿ 2025

ಅತ್ತೆಯವರಿಗೆ ಸೀಮಾಳ ನಮಸ್ಕಾರಗಳು.

ಸುಖವಾಗಿ ಬಂದು ಮುಟ್ಟಿದ್ದೇನೆ. ನೀವು ಕಟ್ಟಿಕೊಟ್ಟ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಒಂದು ವಾರ ಬರಬೇಕಿತ್ತು. ಕೋಣೆಯ ಹುಡುಗಿಯರು ಶೇಂಗಾ ಚಟ್ನಿಯ ವಾಸನೆ ಹಿಡಿದು ಬಂದು ಮೊದಲನೆಯ ಸಂಜೆಯೇ ಮುಗಿಸಿದರು. ನನ್ನ ಪಾಲಿಗೆ ಒಂದೂವರೆ ರೊಟ್ಟಿ ಬಂತು.

ಇಲ್ಲಿ ಕೋಚಿಂಗ್ ಹಾಸ್ಟೆಲಿಗೆ ಬಂದ ಕೂಡಲೇ ಫೋನು ಇಸಿದುಕೊಂಡು ಕಪಾಟಿನಲ್ಲಿ ಇಟ್ಟು ಬೀಗ ಹಾಕಿದರು. ರವಿವಾರ ಹತ್ತು ನಿಮಿಷ ಕೊಡುತ್ತಾರಂತೆ. ಆ ಹತ್ತು ನಿಮಿಷ ನಿಮ್ಮ ಮಗನಿಗೇ ಸಾಲುವುದಿಲ್ಲ. ಮೇಲಾಗಿ ನಮ್ಮ ಮನೆಯ ಫೋನಿನಲ್ಲಿ ಮಾತಾಡಿದರೆ ಇಡೀ ಓಣಿಗೆ ಕೇಳಿಸುತ್ತದೆ. ಅದಕ್ಕೇ ನಿಮಗೆ ಪತ್ರ ಬರೆಯುತ್ತೇನೆ.

ಬ್ಯಾಂಕ್ ಪರೀಕ್ಷೆಗೆ ಗಣಿತ, ತರ್ಕ, ಇಂಗ್ಲಿಷ್ ಮೂರೂ ಪಾಸಾಗಬೇಕು. ಒಂದರಲ್ಲಿ ಬಿದ್ದರೆ ಉಳಿದ ಎರಡು ಎಷ್ಟು ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು. ಇಂಗ್ಲಿಷಿಗೆ ಒಂದು ದಪ್ಪ ಪುಸ್ತಕ ಕೊಟ್ಟಿದ್ದಾರೆ. ಅದರಲ್ಲಿ ಸಾವಿರ ಶಬ್ದಗಳಿವೆ. ಒಂದೊಂದೂ ಕಬ್ಬಿಣದ ಕಡಲೆ. ಮೊದಲನೆಯ ಟೆಸ್ಟ್ ನಡೆಯಿತು, ಚೆನ್ನಾಗಿಯೇ ಆಯಿತು.

ಮಾವ ಬಸ್ಸು ಹತ್ತಿಸುವಾಗ ಹೇಳಿದ ಮಾತು ಕಿವಿಯಲ್ಲೇ ಇದೆ: "ಮೂರ ತಿಂಗಳ. ಒಂದ ಪರೀಕ್ಷಾ. ಆಗಲಿಲ್ಲಂದ್ರ ಮತ್ತ ಈ ಮಾತ ತಗೀಬಾರ್ದು." ತೆಗೆಯುವುದಿಲ್ಲ ಎಂದು ನಾನೂ ಒಪ್ಪಿ ಬಂದಿದ್ದೇನೆ. ಆದರೆ ಅತ್ತೆ, ಬ್ಯಾಂಕಿನ ಕೌಂಟರಿನ ಆ ಕಡೆಯ ಕುರ್ಚಿಯಲ್ಲಿ ಕೂತು, ಅರ್ಜಿ ತುಂಬಲು ಬಾರದೆ ನಿಂತ ಹೆಂಗಸರಿಗೆ "ಬರ್ರಿ, ನಾ ಬರದ ಕೊಡ್ತೇನಿ" ಎನ್ನಬೇಕೆಂದು ಕಾಲೇಜಿನ ದಿನಗಳಿಂದ ಆಸೆ. ಅದಕ್ಕೆ ಇದೊಂದೇ ಅವಕಾಶ ಎಂದು ನೆನೆದರೆ ಊಟ ಸೇರುವುದಿಲ್ಲ.

ನಿಮ್ಮ ಸೊಸೆ
ಸೀಮಾ


ಐನಾಪುರ
20 ಜನವರಿ 2025

ಸೀಮಾ,

ಆಶೀರ್ವಾದ ಎಲ್ಲ ಇದೆ ಎಂದು ತಿಳಿದುಕೋ, ಅದನ್ನು ಬರೆದು ಕಾಗದದ ಜಾಗ ಹಾಳು ಮಾಡುವುದಿಲ್ಲ. ಏಳನೆಯ ಇಯತ್ತೆ ಮುಗಿಸಿದ ಮೇಲೆ ನಾನು ಬರೆಯುತ್ತಿರುವ ಮೊದಲನೆಯ ಪತ್ರ ಇದು. ಸಾಲು ಸೊಟ್ಟಗೆ ಹೋದರೆ ನಗಬೇಡ.

"ಚೆನ್ನಾಗಿಯೇ ಆಯಿತು" ಎಂದು ಬರೆದಿದ್ದೀ. ಹೊಸದಾಗಿ ಬಂದಾಗ ನೀನು ಮಾಡಿದ ಮೊದಲನೆಯ ಸಾರಿಗೆ ನಾನೂ "ಚೆನ್ನಾಗಿಯೇ ಆಗೇತಿ" ಅಂದಿದ್ದೆ. ಅದು ಹೇಗಿತ್ತು ಎಂದು ನಮ್ಮಿಬ್ಬರಿಗೂ ಗೊತ್ತು. ಖರೇ ಎಷ್ಟು ಮಾರ್ಕು ಬಿತ್ತು, ಬರಿ.

ಸಾವಿರ ಶಬ್ದ ಎಂದು ಹೆದರಿದ್ದೀಯಲ್ಲ, ನಮ್ಮೂರಿನ ನಾಲ್ಕು ಸತ್ಯಪ್ಪಂದಿರು ನಿನಗೆ ಹೇಗೆ ನೆನಪಾದರು? ಚಹಾದ ಸತ್ಯಪ್ಪ, ಮೀಸೆ ಸತ್ಯಪ್ಪ, ಬಾವಿ ಸತ್ಯಪ್ಪ, ಸುಳ್ಳ ಸತ್ಯಪ್ಪ. ಮದುವೆಯಾಗಿ ಬಂದ ಎಂಟು ದಿನಕ್ಕೆ ಎಲ್ಲರನ್ನೂ ಗುರುತು ಹಿಡಿದೆ. ಯಾರೂ ಪುಸ್ತಕ ಕೊಟ್ಟು ಬಾಯಿಪಾಠ ಮಾಡು ಎನ್ನಲಿಲ್ಲ. ಊರಲ್ಲಿ ಅಡ್ಡಹೆಸರು ಇಲ್ಲದ ಮನುಷ್ಯನಿಲ್ಲ, ಅಡ್ಡಹೆಸರು ಮರೆತ ಮನುಷ್ಯನೂ ಇಲ್ಲ. ನಿನ್ನ ಶಬ್ದಗಳನ್ನೂ ಹಾಗೇ ಒಬ್ಬೊಬ್ಬರಿಗೆ ಇಟ್ಟುಬಿಡು. ನನಗೂ ವಾರಕ್ಕೆ ನಾಲ್ಕು ಕಳಿಸು, ಯಾರಿಗೆ ಒಪ್ಪುತ್ತದೆ ಎಂದು ನಾನು ಇಲ್ಲಿ ನೋಡಿ ಬರೆಯುತ್ತೇನೆ.

ಇನ್ನೊಂದು ಮಾತು. ಇದು ನಮ್ಮಿಬ್ಬರಲ್ಲೇ ಇರಲಿ. ಮದುವೆಯಾಗಿ ಮೂವತ್ತೆಂಟು ವರ್ಷ. ಗಂಡನ ಹೆಸರು ಹೆಂಡತಿ ಬಾಯಿಗೆ ತರಬಾರದು ಎಂದು ನನ್ನ ಅತ್ತೆ ಹೇಳಿದ್ದರು, ತಂದಿಲ್ಲ. ತೋಟದ ಆ ತುದಿಯಲ್ಲಿ ಇವರು ಇದ್ದರೆ "ಏ, ಕೇಳ್ರಿಲ್ಲೆ" ಎಂದು ಕೂಗಬೇಕು. ಹತ್ತು ಗಂಡಸರು ತಿರುಗಿ ನೋಡುತ್ತಾರೆ, ಇವರೊಬ್ಬರನ್ನು ಬಿಟ್ಟು. ಇವರಾದರೂ ನನ್ನ ಹೆಸರು ಹಿಡಿದಿದ್ದಾರೆಯೇ? ನಾನು ಎದುರಿಗೇ ನಿಂತಿದ್ದರೂ "ಎಲ್ಲಿ ಹ್ವಾದ್ಲ ಇಕಿ" ಎಂದು ಗೋಡೆಯನ್ನು ಕೇಳುತ್ತಾರೆ.

ಇಂಗ್ಲಿಷ್ ಶಬ್ದಕ್ಕೆ ನಮ್ಮ ಶಾಸ್ತ್ರ ಅಡ್ಡ ಬರುವುದಿಲ್ಲವಲ್ಲ. ಇವರನ್ನು ಕೂಗಲಿಕ್ಕೆ ಒಂದು ಒಳ್ಳೆಯ ಶಬ್ದ ಹುಡುಕಿ ಕಳಿಸು. ಇವರಿಗೆ ಒಪ್ಪುವಂಥದ್ದೇ ಇರಲಿ.

ಗೌರಾಬಾಯಿ


ನಿಪ್ಪಾಣಿ
29 ಜನವರಿ 2025

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ, ಮೂರು ಸಲವೂ ನಕ್ಕೆ. ಮಾರ್ಕಿನ ವಿಷಯ ಮುಂದೆ ಬರೆಯುತ್ತೇನೆ. ಈಗ ಶಬ್ದ ತೆಗೆದುಕೊಳ್ಳಿ.

ಗ್ಯಾರುಲಸ್ ಅಂದರೆ ಬಾಯಿ ಮುಚ್ಚದೆ ಮಾತಾಡುವವರು. ವೊರೇಶಿಯಸ್ ಅಂದರೆ ಎಷ್ಟು ತಿಂದರೂ ಹೊಟ್ಟೆ ತುಂಬದವರು. ಎಫೆಮರಲ್ ಅಂದರೆ ಬಂದಷ್ಟೇ ಬೇಗ ಹೋಗುವಂಥದ್ದು. ಮೆಟಿಕ್ಯುಲಸ್ ಅಂದರೆ ಒಂದು ಕಡ್ಡಿಯೂ ಆಚೀಚೆ ಆಗದಂತೆ ಕೆಲಸ ಮಾಡುವವರು.

ಇನ್ನು ಮಾವನಿಗೆ ಒಪ್ಪುವ ಶಬ್ದ. ಪುಸ್ತಕದಲ್ಲಿ ಕಂಡ ಕೂಡಲೇ ಅವರ ಮುಖವೇ ಕಣ್ಣಿಗೆ ಬಂತು. ಆಬ್ಸ್ಟಿನೇಟ್. ಹಟಮಾರಿ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಎಂದು ಅರ್ಥ. ಇದು ನಾವಿಬ್ಬರೂ ನಗುವುದಕ್ಕೆ ಮಾತ್ರ ಬರೆದದ್ದು ಅತ್ತೆ. ದಯಮಾಡಿ ಕೂಗಬೇಡಿ. ಕೂಗಲಿಕ್ಕೆ ಮುಂದಿನ ಪತ್ರದಲ್ಲಿ ಒಳ್ಳೆಯದನ್ನು ಕಳಿಸುತ್ತೇನೆ.

ಸೀಮಾ


ಐನಾಪುರ
8 ಫೆಬ್ರುವರಿ 2025

ಸೀಮಾ,

ಕೂಗಿದೆ.

ಬೈಯಬೇಡ, ಮೊದಲು ಕೇಳು. ಮೊನ್ನೆ ಇವರು ತೋಟದ ಕೆಳಗಿನ ಪಡದಲ್ಲಿ ದ್ರಾಕ್ಷಿ ಗೊನೆ ನೋಡುತ್ತ ನಿಂತಿದ್ದರು. ಊಟ ಆರುತ್ತಿತ್ತು. "ಏ, ಕೇಳ್ರಿಲ್ಲೆ" ಎಂದು ಎರಡು ಸಲ ಕೂಗಿದರೂ ತಿರುಗಲಿಲ್ಲ. ಬಾಯಿಗೆ ಅದೇ ಬಂತು. "ಆಬ್ಸ್ಟಿನೇಟ್!" ಅಂದೆ, ಬದುವಿನ ಮೇಲೆ ನಿಂತು, ಗಟ್ಟಿಯಾಗಿ. ಇವರು ತಿರುಗಿದರು. ಹತ್ತು ಗಂಡಸರಲ್ಲಿ ಇವರೊಬ್ಬರೇ ತಿರುಗಿದರು.

"ಏನಂದಿ?"

"ಆಬ್ಸ್ಟಿನೇಟ್ ಅಂದೆ."

"ಹಂಗಂದ್ರ?"

ಆ ಮುಖ ನೋಡಿ ನನಗೆ ಖರೇ ಹೇಳಲು ಧೈರ್ಯ ಬರಲಿಲ್ಲ. "ಗುಡ್ಡ ಇದ್ದಂಗ ಗಟ್ಟಿ ಮನಷ್ಯಾ ಅಂತರಿ. ಯಾರ ಬಂದ್ರೂ ಅಳ್ಳಾಡಾಂಗಿಲ್ಲ. ನಿಮ್ಮ ಸಲುವಾಗಿನ ಹುಡುಕಿ ಸೀಮಾ ಕಳಿಸ್ಯಾಳ."

"ಸೀಮಾ ಕಳಿಸ್ಯಾಳ?" ಎಂದರು. ಊಟಕ್ಕೆ ಕೂತಾಗ ಒಂದು ರೊಟ್ಟಿ ಹೆಚ್ಚು ಹಾಕಿಸಿಕೊಂಡರು. ಕೈ ತೊಳೆಯುತ್ತ, "ಇನ್ನೊಮ್ಮಿ ಅನ್ನ ನೋಡೂಣು" ಎಂದರು. ಅಂದೆ. ಈ ಮನುಷ್ಯನಿಗೆ ನಾಚಿಕೆ ಆಗುತ್ತದೆ ಎಂದು ನನಗೆ ಈ ಮೂವತ್ತೆಂಟು ವರ್ಷ ಗೊತ್ತಿರಲಿಲ್ಲ.

ಉಳಿದ ಶಬ್ದಗಳನ್ನೂ ಹಂಚಿದ್ದೇನೆ. ಗ್ಯಾರುಲಸ್ ನಮ್ಮ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಕೆಲಸಕ್ಕೆ ಬರುವ ಸಾವಕ್ಕ. ಅದರ ಅರ್ಥ ಹೇಳಿದಾಗ ಆಕೆ ಬೇಜಾರಾಗುವುದು ಬಿಟ್ಟು, ತನಗೇ ಮೊದಲನೆಯ ಶಬ್ದ ಬಂತು ಎಂದು ಇಡೀ ಓಣಿಗೆ ಹೇಳಿ ಬಂದಳು. ವೊರೇಶಿಯಸ್ ಅವಳ ಗಂಡ ಭೀಮಸಿ. ಎಫೆಮರಲ್ ನಮ್ಮ ತೋಟದ ತ್ರೀಫೇಸ್ ಕರೆಂಟು. ಮೆಟಿಕ್ಯುಲಸ್ ಎಂದರೆ ನಿನ್ನ ಗಂಡ ಮಲ್ಲೇಶ, ಬಟ್ಟೆ ಮಡಚಿಡುವಾಗ ನೋಡಿದ್ದೀಯಲ್ಲ. ಈಗ ಶೆಡ್ಡಿನ ಹೆಂಗಸರು ನನ್ನ ಹಿಂದೆ ಬಿದ್ದಿದ್ದಾರೆ. "ಅಕ್ಕಾ, ನಂದೊಂದು ಶಬ್ದ ತರಸ್ರಿ" ಎನ್ನುತ್ತಾರೆ. ಹದಿನಾರು ಜನ ಇದ್ದಾರೆ, ಬೇಗ ಕಳಿಸು.

ಗೌರಾಬಾಯಿ


ನಿಪ್ಪಾಣಿ
16 ಫೆಬ್ರುವರಿ 2025

ಅತ್ತೆ,

ಏನು ಮಾಡಿದಿರಿ! ಪತ್ರ ಓದುತ್ತ ನಕ್ಕೆ, ಓದಿ ಮುಗಿಸಿ ಹೆದರಿದೆ. ಮಾವನಿಗೆ ಖರೇ ಅರ್ಥ ಬೇರೆಯವರಿಂದ ಗೊತ್ತಾದರೆ? "ಸೊಸಿ ಕಲಿಯಾಕ ಹ್ವಾದದ್ದು ಇದನ್ನೇನು" ಎಂದು ಮರುದಿನವೇ ಬಂದು ಕರೆದುಕೊಂಡು ಹೋಗುತ್ತಾರೆ. ನನ್ನ ಪರೀಕ್ಷೆ ಅಲ್ಲಿಗೇ ಮುಗಿಯಿತು. ನೀವೇ ನಗುತ್ತ ನಗುತ್ತ ಹೇಳಿಬಿಡಿ ಅತ್ತೆ, ನಿಮ್ಮ ಬಾಯಿಂದ ಬಂದರೆ ಅವರು ಸಹಿಸುತ್ತಾರೆ.

ನಿಮ್ಮ ಸುಳ್ಳಿಗೆ ನಾನು ಬುದ್ಧಿ ಹೇಳುವಾಗ ನನ್ನ ಸುಳ್ಳನ್ನೂ ಹೇಳಿಬಿಡಬೇಕು. ಮೊದಲನೆಯ ಟೆಸ್ಟಿನಲ್ಲಿ ಇಂಗ್ಲಿಷಿಗೆ ನಲವತ್ತಕ್ಕೆ ಏಳು ಬಿದ್ದಿತ್ತು. ಸರ್ ಎಲ್ಲರೆದುರು ಕಾಗದ ಎತ್ತಿ ಹಿಡಿದು, "ಈ ಮಾರ್ಕ ತಗೊಂಡ್ರ ಬ್ಯಾಂಕಿನ್ಯಾಗ ಕಸಾ ಹೊಡಿಯಾಕೂ ತಗೊಳ್ಳಾಂಗಿಲ್ಲ" ಎಂದರು. ಆ ರಾತ್ರಿ ಗಂಟು ಕಟ್ಟಿ ಮನೆಗೆ ಬರಬೇಕೆಂದು ಕೂತಿದ್ದೆ. ಹತ್ತು ಹನ್ನೆರಡು ದಿನಕ್ಕೆ ನಿಮ್ಮ ಪತ್ರ ಬಂತು, ನಾಲ್ಕು ಸತ್ಯಪ್ಪಂದಿರನ್ನು ಕರೆದುಕೊಂಡು.

ಈಗ ಕೇಳಿ. ಮೊನ್ನೆಯ ಟೆಸ್ಟಿನಲ್ಲಿ ಹದಿನೆಂಟು ಬಿತ್ತು. ಇಪ್ಪತ್ತು ಬಂದರೆ ಪಾಸು. ತರಗತಿಯಲ್ಲಿ ಸರ್ "ಗ್ಯಾರುಲಸ್ ಅಂದ್ರ?" ಎಂದು ಕೇಳಿದಾಗ ನನ್ನ ಬಾಯಿಂದ ಥಟ್ಟನೆ "ಸಾವಕ್ಕ" ಎಂದು ಬಂತು. ಎಲ್ಲರೂ ನಕ್ಕರು. ಸರ್ ಕೇಳಿದರು, ನಾನು ವಿವರಿಸಿದೆ. ಈಗ ನಮ್ಮ ಕೋಣೆಯ ಮನಿಷಾ ತನ್ನ ಊರಿನವರಿಗೆಲ್ಲ ಶಬ್ದ ಹಂಚುತ್ತಿದ್ದಾಳೆ. ಹಾಸ್ಟೆಲಿನ ಅಡುಗೆಯ ಮಾವಶಿ ಮಾಡುವ ಬೇಳೆಗೂ ಒಂದು ಶಬ್ದ ಇಟ್ಟಿದ್ದೇವೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಹೆಂಗಸರಿಗೆ ಹದಿನಾರು ಶಬ್ದ ಹಿಂದಿನ ಹಾಳೆಯಲ್ಲಿ ಇವೆ. ಎಲ್ಲವೂ ಒಳ್ಳೆಯ ಅರ್ಥದವೇ. ಮಾವನಿಗೂ ಒಂದು ಬದಲಿ ಶಬ್ದ ಇದೆ. ರೆಸೊಲ್ಯೂಟ್ ಅಂದರೆ ದೃಢ ಮನಸ್ಸಿನವರು. ಇನ್ನು ಮೇಲೆ ಹೀಗೇ ಕೂಗಿ.

ಸೀಮಾ


ಐನಾಪುರ
3 ಮಾರ್ಚ್ 2025

ಸೀಮಾ,

ಏಳು ಬಿದ್ದಿದ್ದನ್ನು ಆಗಲೇ ಹೇಳಿದ್ದರೆ ಆಗಲೇ ಬೈದು ಮುಗಿಸುತ್ತಿದ್ದೆ. ಈಗ ಹದಿನೆಂಟು ಬಿದ್ದಿದೆ, ಬೈಯಲು ಬರುವುದಿಲ್ಲ. ಎರಡೇ ಮಾರ್ಕು ಉಳಿದಿದೆ. ಅಂದರೆ ಇನ್ನು ಒಂದಿಬ್ಬರು ಮನುಷ್ಯರು ಸಿಕ್ಕರೆ ಸಾಕು.

ಇಲ್ಲಿ ಕೊಯ್ಲು ಶುರುವಾಗಿದೆ. ದ್ರಾಕ್ಷಿ ಶೆಡ್ಡಿನ ಬಲೆಯ ಮೇಲೆ ಹರಡುವುದು, ಒಣಗಿ ಮಣೂಕ ಆದದ್ದನ್ನು ಆರಿಸುವುದು, ಕೈಗೆ ಬಿಡುವಿಲ್ಲ. ಹೆಂಗಸರು ನೀನು ಕಳಿಸಿದ ಶಬ್ದಗಳಿಂದಲೇ ಒಬ್ಬರನ್ನೊಬ್ಬರು ಕರೆಯುತ್ತಾರೆ. ಹೊರಗಿನವರು ಯಾರಾದರೂ ಬಂದರೆ ಇದು ಶೆಡ್ಡೋ ಕಾನ್ವೆಂಟ್ ಶಾಲೆಯೋ ಎನ್ನಬೇಕು.

ನಿನ್ನ ಮಾವ ಚೆನ್ನಾಗಿದ್ದಾರೆ. ಟ್ರ್ಯಾಕ್ಟರಿಗೆ ಬಣ್ಣ ಹೊಡೆಸಿದರು. ಉಳಿದದ್ದೆಲ್ಲ ಸರಿಯಾಗಿಯೇ ಇದೆ.

ಗೌರಾಬಾಯಿ


ನಿಪ್ಪಾಣಿ
24 ಮಾರ್ಚ್ 2025

ಅತ್ತೆ,

ಮೂರು ವಾರವಾಯಿತು, ನಿಮ್ಮ ಒಂದು ಸಾಲೂ ಇಲ್ಲ. ಕೊಯ್ಲಿನ ಗಡಿಬಿಡಿ ಎಂದುಕೊಂಡಿದ್ದೆ. ನಿನ್ನೆ ಫೋನಿನಲ್ಲಿ ನಿಮ್ಮ ಮಗ ಹೇಳಿದರು.

"ಅಪ್ಪಾ ಟ್ರೇಲರ್ ಹಿಂದ ಇಂಗ್ಲೀಷನ್ಯಾಗ ಬರಸ್ಯಾನ. ಕಾಗವಾಡದ ಪೇಂಟರ್ ಸಂಭಾಜಿ ಬಂದ ಬರದ ಹ್ವಾದ. ಹಳದಿ ಅಕ್ಷರ, ಕೆಂಪ ಅಂಚ. ಅಗದಿ ಭಾರಿ ಕಾಣತೈತಿ."

ಏನು ಬರೆಸಿದ್ದಾರೆ ಎಂದು ಕೇಳಿದೆ. ಅವರು ಒಂದೊಂದೇ ಅಕ್ಷರ ಓದಿ ಹೇಳಿದರು. ನಾಲ್ಕನೆಯ ಅಕ್ಷರಕ್ಕೆ ನನಗೆ ಗೊತ್ತಾಯಿತು. ಹತ್ತು ನಿಮಿಷದಲ್ಲಿ ಆರು ನಿಮಿಷ ಅದನ್ನೇ ಮತ್ತೆ ಮತ್ತೆ ಓದಿಸಿಕೊಂಡೆ.

ಟ್ರ್ಯಾಕ್ಟರಿಗೆ ಬಣ್ಣ ಹೊಡೆಸಿದರು ಎಂದಷ್ಟೇ ಬರೆದಿದ್ದಿರಲ್ಲ ಅತ್ತೆ! ಆ ಟ್ರೇಲರ್ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೋಗುತ್ತದೆ, ನೂರು ಟ್ರ್ಯಾಕ್ಟರ್ ಸಾಲಿನಲ್ಲಿ ನಿಲ್ಲುತ್ತದೆ. ಓದು ಬಲ್ಲವನೊಬ್ಬ ನೋಡಿದರೂ ಸಾಕು. ನನ್ನ ಪರೀಕ್ಷೆಗೆ ಇಪ್ಪತ್ತೇಳು ದಿನ ಉಳಿದಿವೆ. ನಿಮ್ಮ ಕಾಲು ಹಿಡಿಯುತ್ತೇನೆ, ಈ ಪತ್ರ ಕೈಗೆ ಬಂದ ದಿನವೇ ಮಾವನಿಗೆ ಹೇಳಿಬಿಡಿ.

ಸೀಮಾ


ಐನಾಪುರ
28 ಮಾರ್ಚ್ 2025, ಬೆಳಿಗ್ಗೆ

ಸೀಮಾ,

ಹೇಳುವ ಮೊದಲೇ ಗೊತ್ತಾಯಿತು.

ತಪ್ಪು ನನ್ನದು, ನೂರಕ್ಕೆ ನೂರು. ರೆಸೊಲ್ಯೂಟ್ ಎಂದು ಎರಡು ಸಲ ಕೂಗಿ ನೋಡಿದೆ. "ಅದ್ಯಾರು? ನಂದು ಹಳೇದ ಇರ್ಲಿ" ಎಂದರು. ಸಂಭಾಜಿ ಬಂದು ಬಣ್ಣದ ಡಬ್ಬಿ ತೆರೆದಾಗ ಹೇಳಬೇಕಿತ್ತು. ಇವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು, ಒಂದೊಂದು ಅಕ್ಷರಕ್ಕೂ "ಇನ್ನಷ್ಟ ದೊಡ್ಡದ ಬರಿ" ಎನ್ನುತ್ತಿದ್ದರು. ಊರಿನ ಬೇರೆ ಟ್ರ್ಯಾಕ್ಟರುಗಳ ಮೇಲೆ ದೇವರ ಹೆಸರು, ಮಕ್ಕಳ ಹೆಸರು ಇವೆ, ಹೆಂಡತಿ ಇಟ್ಟ ಹೆಸರು ಯಾರಿಗಿದೆ ಎಂದು ಅವರು ಸಂಭಾಜಿಗೆ ಹೇಳಿದ ಮೇಲೆ ನಾನು ಹೇಗೆ ಹೇಳಲಿ? ನಿನಗೆ ಬರೆಯಲೂ ಮುಖವಿರಲಿಲ್ಲ.

ಮಂಗಳವಾರ ಕಾರ್ಖಾನೆಯ ಸಾಲಿನಲ್ಲಿ ರಿಟಾಯರ್ಡ್ ಜಿನ್ನಪ್ಪ ಮಾಸ್ತರರು ನೋಡಿದ್ದಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಮನುಷ್ಯ. ಹೊಟ್ಟೆ ಹಿಡಿದು ನಕ್ಕು, ಆಮೇಲೆ ಅರ್ಥ ಹೇಳಿದ್ದಾರೆ. ಅಂದಿನಿಂದ ಇವರು ಮೂರು ದಿನ ಮನೆಯಲ್ಲಿ ಒಂದು ಮಾತೂ ಆಡಿಲ್ಲ. ಬೈದರೆ ಚಿಂತೆಯಿರಲಿಲ್ಲ, ಬೈಗುಳ ನನಗೆ ರೂಢಿ. ಇದು ಹೊಸದು.

ಇಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ಹೊಸ ಪಟಗಾ ಸುತ್ತಿ ಮೊದಲನೆಯ ಬಸ್ಸಿಗೆ ಹೋದರು. "ಎಲ್ಲಿಗ್ರಿ?" ಎಂದೆ. "ನಿಪ್ಪಾಣಿಗೆ" ಎಂದು ಒಂದೇ ಮಾತು. ನಿನ್ನನ್ನು ಕರೆತರಲಿಕ್ಕೇ ಹೋಗಿದ್ದಾರೆ. ಈ ಪತ್ರ ನಿನಗೆ ಮುಟ್ಟುವ ಹೊತ್ತಿಗೆ ನೀನೇ ಇಲ್ಲಿ ಬಂದು ಕೂತಿರುತ್ತೀ ಎಂದು ಗೊತ್ತಿದೆ. ಆದರೂ ಬರೆಯದೆ ಇರಲಾಗಲಿಲ್ಲ. ನನ್ನ ನಾಲಿಗೆಯ ಚಪಲಕ್ಕೆ ನಿನ್ನ ಪರೀಕ್ಷೆ ಹೋಯಿತಲ್ಲ. ಬಾ ಅಂದರೆ ಬರಬೇಡ. ಬಾಗಿಲು ಹಿಡಿದು ಕೂತುಬಿಡು. ಇಲ್ಲಿ ಬಂದ ಮೇಲೆ ಅವರನ್ನು ನಾನು ನೋಡಿಕೊಳ್ಳುತ್ತೇನೆ.

ಗೌರಾಬಾಯಿ


ನಿಪ್ಪಾಣಿ
29 ಮಾರ್ಚ್ 2025

ಅತ್ತೆ,

ನಿಮ್ಮಿಂದ ಇನ್ನೂ ಪತ್ರ ಬಂದಿಲ್ಲ. ನಿನ್ನೆ ಮಾವ ಬಂದಿದ್ದರು.

ಮಧ್ಯಾಹ್ನ ಗೇಟಿನ ವಾಚಮನ್ ಬಂದು, "ವಿರುಪಾಕ್ಷಪ್ಪ ಅಂತ ಯಾರೋ ಬಂದಾರ, ರಜಿಸ್ಟರಿನ್ಯಾಗ ಕಾರಣ ಏನ ಬರೀಲಿ ಅಂದ್ರ ಖಾಸಗಿ ಅಂತ ಬರಿ ಅಂತಾರ" ಎಂದ. ಕೋಣೆಗೆ ಹೋಗಿ ಸೀರೆ, ಪುಸ್ತಕ ಎಲ್ಲ ಟ್ರಂಕಿಗೆ ತುಂಬಿದೆ. ಮನಿಷಾ ಪಕ್ಕದಲ್ಲಿ ನಿಂತು ಅಳುತ್ತಿದ್ದಳು. ಟ್ರಂಕು ಎತ್ತಿಕೊಂಡೇ ಗೇಟಿಗೆ ಹೋದೆ.

ಮಾವ ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಕೂತಿದ್ದರು. ಟ್ರಂಕು ನೋಡಿ, "ಇದ್ಯಾಕ ಹೊತಗೊಂಡ ಬಂದಿ? ನಾ ಏನ ನಿನ್ನ ಕರಕೊಂಡ ಹೋಗಾಕ ಬಂದಿಲ್ಲ. ಕೆಳಗ ಇಡು. ಕುಂಡ್ರು" ಎಂದರು. ಕೂತೆ.

"ಆಬ್ಸ್ಟಿನೇಟ್ ಅಂದ್ರ ಏನು? ಖರೇ ಹೇಳು."

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಹಟಮಾರಿರಿ ಮಾವ" ಎಂದೆ.

"ಜಿನ್ನಪ್ಪ ಮಾಸ್ತರನೂ ಹಂಗ ಅಂದಾ" ಎಂದರು. "ಮತ್ತ ಗುಡ್ಡ ಇದ್ದಂಗ ಅಂದ್ಲಲ್ಲ ಆಕಿ?"

"ಗುಡ್ಡಾನೂ ಯಾರ ಮಾತ ಕೇಳಾಂಗಿಲ್ಲಲ್ರಿ" ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಾವನ ಭುಜ ಅಲುಗತೊಡಗಿತು. ಅಳುತ್ತಿದ್ದಾರೇನೋ ಎಂದು ಗಾಬರಿಯಾದೆ. ನೋಡಿದರೆ ನಗುತ್ತಿದ್ದರು ಅತ್ತೆ. ಪಟಗಾ ಜಾರುವವರೆಗೂ ನಕ್ಕರು.

ಆಮೇಲೆ ಕಣ್ಣು ಒರೆಸಿಕೊಂಡು, "ಮೂವತ್ತೆಂಟ ವರ್ಷಕ್ಕ ಒಂದ ಹೆಸರಿಟ್ಟಾಳ. ಅದಕ್ಕ ಸುಳ್ಳ ಅರ್ಥ ಹೇಳ್ಯಾಳ. ಆಕಿಗೂ ತಿರುಗಿ ಒಂದ ಕೊಡಬೇಕು. ಅದಕ್ಕ ಬಂದೇನಿ. ತೂಕದ್ದ ಇರಬೇಕ ನೋಡು, ಇದಕ್ಕಿಂತ ಉದ್ದ ಇರಬೇಕು" ಎಂದರು. ಎಂಥದ್ದು ಬೇಕು ಎಂದು ಕೇಳಿದೆ. ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿದರು. ಟ್ರಂಕಿನಿಂದ ಪುಸ್ತಕ ತೆಗೆದು ಹುಡುಕಿದೆವು. ಮಾವ ಪ್ರತಿ ಪುಟಕ್ಕೂ "ಇದು? ಇದು?" ಎಂದು ಬೆರಳಿಟ್ಟು ಕೇಳುತ್ತಿದ್ದರು. ಕೊನೆಗೆ ಸಿಕ್ಕಿತು. ಬಾಯಿಗೆ ಬರುವವರೆಗೆ ಇಪ್ಪತ್ತು ಸಲ ಹೇಳಿಸಿಕೊಂಡರು. ಬಸ್ಸಿನ ಕಿಟಕಿಯಿಂದಲೂ ಒಮ್ಮೆ ಹೇಳಿ, ಸರಿಯೇ ಎಂದು ಕೈಸನ್ನೆಯಿಂದ ಕೇಳಿದರು.

ಪರೀಕ್ಷೆ ಮುಗಿಯುವವರೆಗೆ ನಿಮಗೆ ಅರ್ಥ ಹೇಳುವುದಿಲ್ಲ ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ದಯಮಾಡಿ ಕೇಳಬೇಡಿ. ಮೂರು ತಿಂಗಳ ಮಾತನ್ನು ಅವರೂ ತೆಗೆಯಲಿಲ್ಲ, ಕೇಳಲು ನನಗೂ ಧೈರ್ಯ ಬರಲಿಲ್ಲ.

ಸೀಮಾ


ಐನಾಪುರ
9 ಏಪ್ರಿಲ್ 2025

ಸೀಮಾ,

ನಿನ್ನ ಆಣೆಗೆ ಬೆಂಕಿ ಬೀಳಲಿ. ಅತ್ತೆ ಯಾರು, ಮಾವ ಯಾರು ಎಂದು ನಿನಗೆ ಮರೆತುಹೋಯಿತೇ?

ಅಂದು ಸಂಜೆ ಬಸ್ಸಿಳಿದು ನೇರ ಶೆಡ್ಡಿಗೆ ಬಂದರು. ಹದಿನಾರು ಹೆಂಗಸರು ಮಣೂಕ ಆರಿಸುತ್ತ ಕೂತಿದ್ದೆವು. ಬಾಗಿಲಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, "ಏ ಇಂಡಿಸ್ಪೆನ್ಸಬಲ್! ಚಾ ಮಾಡ ಬಾ" ಎಂದರು. ಸಾವಕ್ಕನೇ ಸುಮ್ಮನಾದಳು ಎಂದರೆ ನೀನೇ ತಿಳಿದುಕೋ. "ಯಾರ್ನ ಕರದ್ರಿ?" ಎಂದೆ. "ನಿನ್ನ" ಎಂದರು, ನನ್ನ ಕಡೆಯೇ ನೋಡುತ್ತ. ಗೋಡೆಯ ಕಡೆ ಅಲ್ಲ.

ಈಗ ದಿನಕ್ಕೆ ಹತ್ತು ಸಲ ಅದೇ. ಬಾವಿಗೆ ಹೋದರೆ ಇಂಡಿಸ್ಪೆನ್ಸಬಲ್, ಹಿತ್ತಲಿಗೆ ಹೋದರೆ ಇಂಡಿಸ್ಪೆನ್ಸಬಲ್. ಅದು ಬೈಗುಳವೇ ಇರಬೇಕು. ಹೊಗಳಿಕೆ ಯಾವತ್ತೂ ಇಷ್ಟು ಉದ್ದ ಇರುವುದಿಲ್ಲ. ಜಿನ್ನಪ್ಪ ಮಾಸ್ತರರನ್ನು ಕೇಳಿದೆ. "ನನ್ನ ಬಾಯಿ ಕಟ್ಟ್ಯಾನ್ರಿ ಗೌರಾಬಾಯಿ, ನಾ ಏನೂ ಹೇಳಾಂಗಿಲ್ಲ" ಎಂದು ನಗುತ್ತ ಹೋದರು. ಹೊಟ್ಟೆಕಿಚ್ಚಿನವಳೋ, ಜಗಳಗಂಟಿಯೋ, ಸುಳ್ಳಿಯೋ, ಏನಿದ್ದರೂ ತಡೆದುಕೊಳ್ಳುತ್ತೇನೆ, ಬರೆದು ಕಳಿಸು. ಸಿಟ್ಟಿನ ಮಾತು ಏನೆಂದರೆ, ಕರೆದಾಗ ನನಗೆ ತಿಳಿಯದಂತೆ "ಓ" ಎಂದುಬಿಡುತ್ತೇನೆ.

ಸಂಭಾಜಿ ಮೊನ್ನೆ ತಾನಾಗಿಯೇ ಬಂದು, ಟ್ರೇಲರಿನ ಮೇಲಿನದನ್ನು ಅಳಿಸಿಕೊಡುತ್ತೇನೆ ಎಂದ. "ಖರೇ ಇದ್ದದ್ದನ್ನ ಯಾಕ ಅಳಸ್ತಿ?" ಎಂದು ಇವರು ಅವನಿಗೆ ಚಹಾ ಕುಡಿಸಿ ಕಳಿಸಿದರು.

ನಿನ್ನ ವಿಷಯ ನಾನೇ ಬಾಯಿಬಿಟ್ಟು ಕೇಳಿದೆ. ಪಾಸಾಗದಿದ್ದರೆ ಹುಡುಗಿಗೆ ಇನ್ನೊಂದು ಅವಕಾಶ ಕೊಡಿ ಎಂದೆ. "ಪರೀಕ್ಷಾ ಆಗ್ಲಿ, ಆಮ್ಯಾಲ ನೋಡೂಣು" ಎಂದರು. ಇದಕ್ಕೆ ಏನು ಅರ್ಥ ಮಾಡುವುದು ಎಂದು ನನಗೆ ಗೊತ್ತಾಗಲಿಲ್ಲ. ನೀನು ಮಾತ್ರ ಪಾಸಾಗಿಯೇ ಬಾ, ಇವರ "ನೋಡೂಣು" ಎಂಬುದಕ್ಕೆ ಕೆಲಸವೇ ಇರಬಾರದು.

ಗೌರಾಬಾಯಿ


ಚಿಕ್ಕೋಡಿ ಬಸ್ ನಿಲ್ದಾಣ
20 ಏಪ್ರಿಲ್ 2025, ಸಂಜೆ

ಅತ್ತೆ,

ಇಲ್ಲಿ ಚಿಕ್ಕೋಡಿಯ ಸೆಂಟರಿನಲ್ಲಿ ಪರೀಕ್ಷೆ ಮುಗಿಯಿತು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇನ್ನು ಅರ್ಧ ತಾಸಿಗೆ ನನ್ನ ಬಸ್ಸು ನಿಪ್ಪಾಣಿಗೆ, ಟ್ರಂಕು ತೆಗೆದುಕೊಂಡು ನಾಳೆ ಊರಿಗೆ ಬರುತ್ತೇನೆ. ನಾಳೆ ಬರುವವಳು ಇಂದು ಯಾಕೆ ಬರೆಯುತ್ತಾಳೆ ಎನ್ನಬೇಡಿ, ಇದು ಬಾಯಿಂದ ಹೇಳುವ ವಿಷಯವಲ್ಲ.

ಇಂಗ್ಲಿಷ್ ಬಹಳ ಚೆನ್ನಾಗಿ ಆಯಿತು. ಈ ಸಲ ಖರೇ. ಶಬ್ದದ ಹತ್ತು ಪ್ರಶ್ನೆಗಳಲ್ಲಿ ಎಂಟು ನಮ್ಮೂರಿನವರೇ ಇದ್ದರು. ಒಬ್ಬೊಬ್ಬರನ್ನೂ ನೋಡಿ ನಗುತ್ತ ಗುರುತು ಹಾಕಿದೆ. ಆದರೆ ನನಗೆ ಬರುತ್ತದೆ ಎಂದು ಧೈರ್ಯವಿದ್ದ ಗಣಿತದಲ್ಲೇ ಹೊತ್ತು ಸಾಲಲಿಲ್ಲ. ಆರು ಲೆಕ್ಕ ಬಿಟ್ಟೆ. ಪಾಸಾಗುತ್ತೇನೋ ಇಲ್ಲವೋ, ದೇವರೇ ಬಲ್ಲ.

ಹೊರಗೆ ಬಂದರೆ ಮಾವ ನಿಂತಿದ್ದರು. ಬೆಳಗಿನಿಂದ ಅಲ್ಲೇ ನಿಂತಿದ್ದರಂತೆ. ನನ್ನ ಮುಖ ನೋಡಿಯೇ ತಿಳಿದುಕೊಂಡರು. ಆರು ಲೆಕ್ಕ ಬಿಟ್ಟೆ ಎಂದು ಹೇಳುವಾಗ ನನಗೆ ಅಳು ಬಂತು. "ಆಗಲಿಲ್ಲಂದ್ರ ಮತ್ತ ಆ ಮಾತ ತಗಿಯಾಂಗಿಲ್ರಿ ಮಾವ, ನಾ ಒಪ್ಪೇನಿ" ಎಂದೆ.

"ನೀ ತಗೀಬ್ಯಾಡ. ನಾ ತಗೀತೇನಿ" ಎಂದರು. "ಮೂರ ತಿಂಗಳ, ಒಂದ ಪರೀಕ್ಷಾ ಅಂದಿದ್ನಿ. ಅಂದದ್ದ ತಪ್ಪಾತು. ಇದಾಗಲಿಲ್ಲಂದ್ರ ಮತ್ತೊಮ್ಮಿ ಬರಿ, ಅದೂ ಆಗಲಿಲ್ಲಂದ್ರ ಮತ್ತೊಮ್ಮಿ. ಕುರ್ಚಿ ಮ್ಯಾಲ ಕುಂಡ್ರೂತನಕ ಬರಿ." ಅಷ್ಟು ಹೇಳಿ, ನನ್ನನ್ನು ಇಲ್ಲಿ ನಿಲ್ದಾಣದಲ್ಲಿ ಕೂಡಿಸಿ, ಚಹಾ ತರುತ್ತೇನೆ ಎಂದು ಹೋದರು. ಅತ್ತೆ, ಮಾವ ತಾವು ಆಡಿದ ಮಾತನ್ನು ತಾವೇ ತಪ್ಪು ಎಂದದ್ದನ್ನು ನೀವು ಎಂದಾದರೂ ಕೇಳಿದ್ದೀರಾ? ನಾನು ಇಂದು ಕೇಳಿದೆ. ಆಮೇಲೆ ಬೆಂಚಿನ ಮೇಲೆ ಕೂತು ಮನಸಾರೆ ಅತ್ತುಬಿಟ್ಟೆ, ಅದಾದ ಮೇಲೆ ಖುಷಿಯಿಂದ ಎರಡು ಭಜಿ ತಿಂದೆ.

ಪರೀಕ್ಷೆ ಮುಗಿಯಿತು, ಆಣೆಯೂ ಮುಗಿಯಿತು. ನಿಪ್ಪಾಣಿಯ ಗೇಟಿನ ಹತ್ತಿರ ಮಾವ ನಿಮ್ಮ ಬಗ್ಗೆ ಹೇಳಿದ ನಾಲ್ಕು ಮಾತನ್ನು ಅವರು ಹೇಳಿದಂತೆಯೇ ಬರೆಯುತ್ತೇನೆ:

"ಆಕಿ ನನ್ನ ಮಾತ ಕೇಳಾಂಗಿಲ್ಲ. ಬೈತಾಳ. ಈಗ ಸುಳ್ಳೂ ಹೇಳಾಕ ಕಲತಾಳ. ಆದ್ರ ಆಕಿ ಎರಡ ದಿನಾ ತವರಮನಿಗೆ ಹ್ವಾದ್ರ ನನಗ ಯಾವ ಕೆಲಸಕ್ಕ ಕೈ ಹಚ್ಚಬೇಕ ಅನ್ನೂದ ತಿಳಿಯಾಂಗಿಲ್ಲ. ಚಾ ಚಾ ಅನಸಾಂಗಿಲ್ಲ, ಮನಿ ಮನಿ ಅನಸಾಂಗಿಲ್ಲ. ಇಂಥಾಕಿಗೆ ಇಂಗ್ಲೀಷನ್ಯಾಗ ಏನರ ಅಂತಾರೇನು?"

ಅನ್ನುತ್ತಾರೆ ಎಂದೆ. ಇಂಡಿಸ್ಪೆನ್ಸಬಲ್ ಎಂದರೆ, ಯಾರಿಲ್ಲದೆ ನಡೆಯುವುದೇ ಇಲ್ಲವೋ ಅವರು.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ಮಾವನ ಕೈಯಲ್ಲೇ ಕೊಡುತ್ತಿದ್ದೇನೆ. ಒಳಗೆ ಏನಿದೆ ಎಂದು ಅವರಿಗೆ ಗೊತ್ತಿದೆ. ನಿಮ್ಮ ಕೈಗೆ ಕೊಟ್ಟು ಅವರು ಮನೆಯೊಳಗೆ ಬರುವುದಿಲ್ಲ, ಏನಾದರೊಂದು ನೆಪ ಹೇಳಿ ಅಂಗಳದಲ್ಲೇ ನಿಂತಿರುತ್ತಾರೆ. ಓದಿ ಮುಗಿಸಿ, ಒಳಗೆ ಕರೆಯಿರಿ.

ಸೀಮಾ